ಹುಬ್ಬಳ್ಳಿಯಲ್ಲಿ ದನದ ಪ್ರೊಜೆಸ್ಟೆರಾನ್ ಪರೀಕ್ಷೆ: ಕೆಲಸ ಚಲೋ, ರಿಪೋರ್ಟ್ ಅಧ್ವಾನ

ಡಾಕ್ಟರು ಕೈ ಹಾಕಿ ಗಬ್ಬ ನೋಡಬೇಕಂದ್ರೆ ಎರಡು ತಿಂಗಳು ಹತ್ತಿರ ಕಾಯಬೇಕು. ಅಷ್ಟರೊಳಗೆ ಖಾಲಿ ಉಳಿದ ಆಕಳು ಸುಮ್ನೆ ಮೇವು ತಿಂತಿರುತ್ತದೆ. ಎಮ್ಮೆಗಳದ್ದಂತೂ ಬೇಸಿಗೆಯಲ್ಲಿ ಮೂಕ ಬೆದೆ, ಬಂದದ್ದೂ ಹೋದದ್ದೂ ಗೊತ್ತಾಗಲ್ಲ. ಗಬ್ಬ ಉಳಿಸುವ ಹಾರ್ಮೋನ್ ಪ್ರೊಜೆಸ್ಟೆರಾನ್, ಅದು ರಕ್ತದಲ್ಲಿ ಎಷ್ಟಿದೆ ಅಂತ ನೋಡಿದರೆ ಗಬ್ಬ, ಬೆದೆ ಎರಡರ ಸುಳಿವೂ ಬೇಗ ಸಿಗುತ್ತೆ. ಹಾಗಾಗಿ ಹುಬ್ಬಳ್ಳಿಯ ಒಂದು ಖಾಸಗಿ ಲ್ಯಾಬಿಗೆ ರಕ್ತ ಕಳಿಸುತ್ತಿದ್ದೇವೆ.

ಮೊದಲು ಮೆಚ್ಚಿದ್ದು ಹೇಳ್ತೀನಿ. ಕೌಂಟರಿನ ಹುಡುಗ ಟ್ಯೂಬನ್ನು ಕೈಯಲ್ಲಿ ಹಿಡಿದು ತಣ್ಣಗಿದೆಯಾ ಅಂತ ನೋಡಿಯೇ ಒಳಗೆ ತಗೋತಾನೆ. ಬೆಚ್ಚಗಿದ್ದರೆ "ಇದು ನಡೆಯಲ್ಲ ಸರ್, ಬೇರೆ ತನ್ನಿ" ಅಂತ ಮುಖದ ಮೇಲೇ ವಾಪಸ್. ಕುಂದಗೋಳದಿಂದ ಬಿಸಿಲಲ್ಲಿ ಬಂದವರಿಗೆ ಸಿಟ್ಟು ಬರುತ್ತೆ, ಆದರೆ ಅವನು ಮಾಡೋದೇ ಸರಿ. ಆಕಳಿನ ರಕ್ತ ಬೆಚ್ಚಗೆ ಹಾಗೇ ಬಿಟ್ಟರೆ ಅದರ ಕೆಂಪು ಕಣಗಳೇ ಪ್ರೊಜೆಸ್ಟೆರಾನ್ ಕರಗಿಸಿಬಿಡುತ್ತವೆ, ಬೇಗ ಪ್ಲಾಸ್ಮಾ (ಕಣ ತೆಗೆದ ಮೇಲೆ ಉಳಿಯುವ ತಿಳಿ) ಬೇರೆ ಮಾಡದಿದ್ದರೆ ಗಬ್ಬದ ಆಕಳೂ ಖಾಲಿ ಅಂತ ಬರಬಹುದು. ಅದನ್ನು ನಂಬಿ ಬೆದೆ ಬರಿಸುವ ಇಂಜೆಕ್ಷನ್ ಕೊಡಿಸಿದರೆ ಇದ್ದ ಗಬ್ಬವೂ ಹೋಯ್ತು! ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಟ್ಯೂಬು, ಐಸ್ ತುಂಬಿದ ಥರ್ಮಾಸ್, ಇಷ್ಟಿಲ್ಲದೆ ಹೋಗಲೇಬೇಡಿ.

ಇನ್ನು ರಿಪೋರ್ಟ್. ಮನುಷ್ಯರ ಲ್ಯಾಬಿನ ಸಾಫ್ಟ್‌ವೇರನ್ನೇ ಇಟ್ಟುಕೊಂಡಿದ್ದಾರೆ ಅನ್ನಿಸುತ್ತೆ. ನಂಬರಿನ ಪಕ್ಕದ "ನಾರ್ಮಲ್" ಕಾಲಂನಲ್ಲಿ ಹೆಂಗಸರ ಲೆಕ್ಕ, ಅದರಲ್ಲೂ ಮುಟ್ಟು ನಿಂತ ಮೇಲೆ ಎಷ್ಟಿರಬೇಕು ಅಂತ ಒಂದು ಸಾಲು ಬೇರೆ. ಎಮ್ಮೆಗೆ! ಹಾರ್ಮೋನ್ ಇಬ್ಬರಲ್ಲೂ ಒಂದೇ, ಅದಕ್ಕೆ ನಂಬರಿನ ಬಗ್ಗೆ ತಕರಾರಿಲ್ಲ. ಆದರೆ ಓದುವವನಿಗೆ ಏನು ತಿಳಿಯಬೇಕು? ಕೇಳಿದರೆ "ನಿಮ್ಮ ಡಾಕ್ಟರಿಗೆ ತೋರಿಸಿ" ಅಂತಾರೆ.

ನಮ್ಮ ಡಾಕ್ಟರು ಹೇಳಿದ್ದು ಇಷ್ಟು. ಬೆದೆಯ ದಿನ ಪ್ರೊಜೆಸ್ಟೆರಾನ್ ಮಿಲಿಲೀಟರಿಗೆ 1 ನ್ಯಾನೋಗ್ರಾಂಗಿಂತ ಕೆಳಗಿರುತ್ತದೆ. ಸೆಮೆನ್ ಕೊಡಿಸಿದ 21ರಿಂದ 24ನೇ ದಿನದೊಳಗೆ ತೆಗೆದ ರಕ್ತದಲ್ಲೂ ಅಷ್ಟೇ ಕಡಿಮೆ ಬಂದರೆ ಖಾಲಿ ಅಂತ ಹೆಚ್ಚುಕಡಿಮೆ ಖಾತ್ರಿ. ಜಾಸ್ತಿ ಬಂತು ಅಂತ ಕುಣಿಯಬೇಡಿ, ಗರ್ಭಕೋಶದಲ್ಲಿ ಕೀವು ತುಂಬಿದ್ದರೂ ಜಾಸ್ತಿ ಬರುತ್ತದೆ, ಆಮೇಲೆ ಕೈ ಹಾಕಿಸಿ ನೋಡಲೇಬೇಕು. ಬೆದೆಗೇ ಬಾರದ ದನಕ್ಕೆ ಒಂದು ಸಲದ ರಕ್ತ ದಂಡ. ಹತ್ತು ದಿನ ಬಿಟ್ಟು ಇನ್ನೊಂದು ಕೊಡಿ. ಎರಡೂ ಕಡಿಮೆ ಅಂದ್ರೆ ಅಂಡಾಶಯ ಕೆಲಸ ಮಾಡ್ತಿಲ್ಲ, ಒಂದಾದರೂ ಜಾಸ್ತಿ ಅಂದ್ರೆ ಬೆದೆ ಬಂದು ಹೋಗ್ತಿದೆ, ನಾವು ನೋಡ್ತಿಲ್ಲ. ಇದನ್ನು ಲ್ಯಾಬಿನವರೇ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಕೊಟ್ಟರೆ ಏನು ಗಂಟು ಹೋಗುತ್ತೆ?

ಒಂದೆರಡು ದನ ಇದ್ದವರಿಗೆ ಈ ಖರ್ಚು ಬೇಡ ಅಂತೀನಿ. ಹತ್ತಾರು ದನ ಕಟ್ಟಿದವರು ಕೊಡಬಹುದು. ಐದಕ್ಕೆ ಮೂರು ಸ್ಟಾರ್, ಆ ಮೂರೂ ಕೌಂಟರಿನ ಹುಡುಗನಿಗೆ.