ಹಳೇ ಬೊಲೆರೊ ಪಿಕಪ್ಪೋ, ಹೊಸ ಮ್ಯಾಕ್ಸೋ? ಟೊಮೆಟೊ ಲೋಡ್ ಹಾಕಿ ಓಡಿಸಿ ನೋಡಿದ ಮೇಲೆ

ಮಹೀಂದ್ರದ ಎರಡು ಸರಕು ಗಾಡಿ ನಮ್ಮ ಮುಂದಿದ್ದವು. 2018ರ ಬೊಲೆರೊ ಪಿಕಪ್, 1.7 ಟನ್ ಹೊರುವಂಥದ್ದು, 5.5 ಲಕ್ಷ. ಹೊಸ ಬೊಲೆರೊ ಮ್ಯಾಕ್ಸ್ ಎಚ್‌ಡಿ, 2 ಟನ್‌ನದು, ಎಲ್ಲಾ ಸೇರಿ ರೋಡಿಗೆ ಬರುವಾಗ 10.5 ಲಕ್ಷ. ನನಗೂ ನಮ್ಮ ಭಾವನಿಗೂ ಸೇರಿ ಒಂದು ಗಾಡಿ ಬೇಕಿತ್ತು. ಶ್ರೀನಿವಾಸಪುರದ ಕಡೆ ಟೊಮೆಟೊ ಬೆಳೆಯುವ ಮನೆ ನಮ್ಮದು, ನಡುವೆ ಸ್ವಲ್ಪ ಮಾವು. ಸೀಸನ್‌ನಲ್ಲಿ ಬಾಡಿಗೆ ಗಾಡಿಗೆ ಕೊಡುವ ದುಡ್ಡು ನೋಡಿದರೆ ಸ್ವಂತದ್ದೇ ವಾಸಿ ಅನ್ನಿಸಿತ್ತು. ಹಳೇ ಗಾಡಿ ಮಾರುತ್ತಿದ್ದವರು ಪರಿಚಯದವರು, ಓಡಿಸಿ ನೋಡಿ ಅಂತ ಕೆಲವು ದಿನ ನಮ್ಮ ಹತ್ತಿರವೇ ಬಿಟ್ಟರು. ಹೊಸದು ಚಿಕ್ಕಪ್ಪನ ಮಗನದು. ಎರಡನ್ನೂ ನಮ್ಮದೇ ಲೋಡ್ ಹಾಕಿ, ಅದೇ ರಸ್ತೆಯಲ್ಲಿ, ತೋಟದಿಂದ ಕೋಲಾರ ಎಪಿಎಂಸಿಗೆ, ಅಲ್ಲಿಂದ ಬೆಂಗಳೂರಿಗೆ, ರೇಟು ಚೆನ್ನಾಗಿದ್ದಾಗ ಆಂಧ್ರದ ಮದನಪಲ್ಲಿ ಮಾರುಕಟ್ಟೆಗೆ ಓಡಿಸಿದೆವು.

ಎಂಜಿನ್ ವಿಷಯ ಮೊದಲು ಹೇಳಿಬಿಡುತ್ತೇನೆ. ಹೊಸದರ ಮುಖ, ಕ್ಯಾಬಿನ್, ದೀಪ ಎಲ್ಲಾ ಬದಲಾಗಿದೆ. ಆದರೆ ಬಾನೆಟ್ ಎತ್ತಿದರೆ ಕಾಣುವುದು ಅದೇ ಮನೆತನದ ಎಂ2ಡಿಐ ಎಂಜಿನ್. ಎರಡರಲ್ಲೂ 4 ಸಿಲಿಂಡರ್, ಎರಡೂ 2.5 ಲೀಟರ್ ಡೀಸೆಲ್. ಮ್ಯಾಕ್ಸ್‌ನ ಸಿಟಿ ಅನ್ನುವ ಮಾದರಿ ಬಂದಿದ್ದು 2022ರ ಆಗಸ್ಟ್‌ನಲ್ಲಿ. ಎಚ್‌ಡಿ ಸೇರಿ ಪೂರ್ತಿ ಸಾಲು ಬಂದಿದ್ದು 2023ರ ಏಪ್ರಿಲ್‌ನಲ್ಲಿ, ಆಗ ಶೋರೂಂ ಬೆಲೆ 7.85 ಲಕ್ಷದಿಂದ 10.33 ಲಕ್ಷದವರೆಗೆ ಇತ್ತು. 2 ಟನ್‌ನ ಎಚ್‌ಡಿಯಲ್ಲಿ ಎಂಜಿನ್ 80 ಎಚ್‌ಪಿ ಹತ್ತಿರ ಕೊಡುತ್ತದೆ, ಟಾರ್ಕ್, ಅಂದರೆ ಎಳೆಯುವ ಬಲ, 220 ನ್ಯೂಟನ್ ಮೀಟರ್. ಹಳೆಯದರಲ್ಲಿ ಸುಮಾರು 10 ಎಚ್‌ಪಿ ಕಡಿಮೆ. ಕೋಲಾರದವರೆಗಿನ ರಸ್ತೆಯಲ್ಲಿ ಈ ವ್ಯತ್ಯಾಸ ನಮಗೆ ಗೊತ್ತೇ ಆಗಲಿಲ್ಲ. ಮದನಪಲ್ಲಿ ಕಡೆಯ ಏರಿನಲ್ಲಿ ಗೊತ್ತಾಯಿತು. ಹಳೆಯದರಲ್ಲಿ ಮೂರನೇ ಗೇರಿಗೆ ಇಳಿಸುವ ಕಡೆ ಹೊಸದು ನಾಲ್ಕರಲ್ಲೇ ಎಳೆಯಿತು. ಡೀಸೆಲ್ ಮಾತ್ರ ಎರಡೂ ಒಂದೇ ಥರ ಕುಡಿದವು. ಲೋಡ್ ಇದ್ದಾಗ ಲೀಟರಿಗೆ 12ರಿಂದ 13 ಕಿಲೋಮೀಟರ್. ಮೈಲೇಜಿಗೋಸ್ಕರ ಹೊಸದು ತಗೋಬೇಕು ಅನ್ನುವವರ ಮಾತು ನಮ್ಮ ರಸ್ತೆಯಲ್ಲಂತೂ ನಿಲ್ಲಲಿಲ್ಲ.

ಲೋಡಿನ ಲೆಕ್ಕ ಬೇರೆ. ಇದನ್ನು ಎಲ್ಲರೂ ಕೂತು ಹಾಕಲೇಬೇಕು. ಕೋಲಾರದಲ್ಲಿ ಟೊಮೆಟೊ ಬಾಕ್ಸ್ ಅಂದರೆ 15 ಕೆಜಿ ಹಣ್ಣು. ಖಾಲಿ ಟ್ರೇ ಹತ್ತಿರ 2 ಕೆಜಿ ಅಂತ ಹಿಡಿದರೆ ಒಂದಕ್ಕೆ 17 ಕೆಜಿ. 1.3 ಟನ್ ಗಾಡಿಗೆ 76 ಬಾಕ್ಸ್. 1.7 ಟನ್‌ಗೆ ಸರಿಯಾಗಿ 100. 2 ಟನ್‌ಗೆ 117. ಹೊಸದರ ಬಾಡಿ 3050 ಮಿಲಿಮೀಟರ್, ಅಂದರೆ 10 ಅಡಿ ಉದ್ದ. ನಾವು ನೋಡಿದ ಹಳೆಯದು 9 ಅಡಿ. ಆ ಒಂದು ಅಡಿಯಲ್ಲಿ ಟ್ರೇ ಇನ್ನೊಂದು ಸಾಲು ಕೂರುತ್ತದೆ, ಎತ್ತರಕ್ಕೆ ಪೇರಿಸುವುದು ತಪ್ಪುತ್ತದೆ. ಎತ್ತರ ಕಡಿಮೆಯಾದರೆ ಕೆಳಗಿನ ಟ್ರೇ ಹಣ್ಣು ಜಜ್ಜುವುದೂ ಕಡಿಮೆ. ಮಂಡಿಯಲ್ಲಿ ಹರಾಜಿಗೆ ಇಟ್ಟಾಗ ಅದು ರೇಟಿನಲ್ಲೇ ಕಾಣುತ್ತದೆ.

1.3 ಟನ್ ಗಾಡಿಗೆ 130 ಬಾಕ್ಸ್ ಏರಿಸಿಕೊಂಡು ಹೋಗುವವರನ್ನು ದಿನಾ ನೋಡುತ್ತೇವೆ, ಅಲ್ವಾ? ದಯವಿಟ್ಟು ಹಾಗೆ ಮಾಡಬೇಡಿ. 2019ರ ತಿದ್ದುಪಡಿ ಆದಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ದಂಡಕ್ಕಿಂತ ನನಗೆ ಭಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಹೋಗುವುದು. ನಿಮ್ಮ ತೋಟದಿಂದ ಒಂದು ಕೀಳಿಗೆ 110 ಬಾಕ್ಸ್ ಬರುವುದೇ ಹೌದಾದರೆ, 100 ಬಾಕ್ಸಿನ ಹಳೇ ಗಾಡಿ ಅಗ್ಗಕ್ಕೆ ಸಿಕ್ಕರೂ ಅದು ನಿಮ್ಮ ಗಾಡಿ ಅಲ್ಲ.

ಒಳಗೆ ಕೂತರೆ ಹೊಸದು ಗೆಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಡ್ರೈವರ್ ಸೀಟನ್ನು ಮೇಲೆ ಕೆಳಗೆ ಮಾಡಿಕೊಳ್ಳಬಹುದು. ನಾನು ಕುಳ್ಳ, ಭಾವ ಆರಡಿ. ಹಳೆಯದರಲ್ಲಿ ನನಗೆ ಬೆನ್ನ ಹಿಂದೆ ದಿಂಬು ಬೇಕಾಗುತ್ತಿತ್ತು. ಡ್ರೈವರ್ ಜೊತೆ ಇನ್ನಿಬ್ಬರು ಕೂರಲು ಹೊಸದಕ್ಕೆ ಕಾಗದದಲ್ಲೇ ಅನುಮತಿ ಇದೆ, ಜಾಗವೂ ಇದೆ. ರಾತ್ರಿ ತೋಟದ ದಾರಿಗೆ ತಿರುಗಿಸುವಾಗ ಪಕ್ಕಕ್ಕೆ ಬೆಳಕು ಬೀಳುವ ದೀಪ ಕೊಟ್ಟಿದ್ದಾರೆ. ನಮ್ಮ ಕಡೆ ಲೋಡಾಗುವುದೇ ಕತ್ತಲಾದ ಮೇಲೆ, ದಾರಿ ಪಕ್ಕ ಡ್ರಿಪ್ ಪೈಪು, ಕಲ್ಲು ಕಂಬ. ಆ ದೀಪ ನಿಜಕ್ಕೂ ಕೆಲಸಕ್ಕೆ ಬಂತು. ಖಾಲಿ ಓಡಿಸುವಾಗ ಮಾತ್ರ ಎರಡೂ ಒಂದೇ. ಹಿಂದೆ ಕಮಾನುಪಟ್ಟಿ, ಭಾರ ಇಲ್ಲದಿದ್ದರೆ ಕುಣಿದೇ ಕುಣಿಯುತ್ತದೆ.

ಫೋನಿನಲ್ಲಿ ಗಾಡಿ ಎಲ್ಲಿದೆ ಅಂತ ತೋರಿಸುವ ಐಮ್ಯಾಕ್ಸ್ ಅನ್ನುವ ವ್ಯವಸ್ಥೆ ಹೊಸದರಲ್ಲಿದೆ. ಡ್ರೈವರ್ ಇಟ್ಟು ನಾಲ್ಕೈದು ಗಾಡಿ ನಡೆಸುವವರಿಗೆ ಅದು ದೊಡ್ಡ ಅನುಕೂಲ. ಗಾಡಿಯನ್ನು ನಾವೇ ಓಡಿಸುತ್ತೇವೆ, ನಮಗೆ ಅದು ಬೇಕಾಗಲಿಲ್ಲ.

ಇನ್ನು ರಿಪೇರಿ. 2020ರ ಏಪ್ರಿಲ್ 1ರಿಂದ ಹೊಗೆಯ ಹೊಸ ನಿಯಮ ಬಿಎಸ್6 ಬಂತು, 2023ರ ಏಪ್ರಿಲ್‌ನಿಂದ ಅದರ ಎರಡನೇ ಹಂತ. ಯಾವ ಕಂಪನಿಯ ಗಾಡಿಯೇ ಇರಲಿ, ಹೊಗೆ ಕಡಿಮೆ ಮಾಡಲು ಸೆನ್ಸರ್ ಜಾಸ್ತಿಯಾಗಿವೆ. ಊರಿಗೆ, ಗಾಳಿಗೆ ಅದು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹತ್ತಿಕೊಂಡರೆ ಅದನ್ನು ಓದಲು ಸ್ಕ್ಯಾನರ್ ಬೇಕು. ನಮ್ಮ ಹೋಬಳಿಯ ಗ್ಯಾರೇಜುಗಳಲ್ಲಿ ಅದಿಲ್ಲ, ಕೋಲಾರಕ್ಕೇ ಹೋಗಬೇಕು. ಅದಕ್ಕೂ ಮುಂಚಿನ ಬಿಎಸ್4 ನಿಯಮದ ಹಳೇ ಗಾಡಿ ಬಿಚ್ಚಿ ಜೋಡಿಸದ ಮೆಕ್ಯಾನಿಕ್ ನಮ್ಮ ಕಡೆ ಇಲ್ಲ. ಕ್ಲಚ್ ಪ್ಲೇಟ್, ಬೇರಿಂಗ್, ಬ್ರೇಕ್ ಲೈನರ್ ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತವೆ. ಹಣ್ಣು ಕಿತ್ತು ಟ್ರೇ ತುಂಬಿದ ಸಂಜೆ ಗಾಡಿ ನಿಂತರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ. ವಾರಂಟಿ ಇರುವ ಹೊಸ ಗಾಡಿ ಕೆಡುವ ಸಂಭವ ಕಡಿಮೆ. ಕೆಟ್ಟರೆ ಕೈಗೆ ಬೇಗ ಸಿಗುವುದು ಹಳೆಯದು. ಇವೆರಡರಲ್ಲಿ ನಾನು ಎರಡನೆಯದಕ್ಕೆ ಬೆಲೆ ಜಾಸ್ತಿ ಕೊಡುತ್ತೇನೆ. ಬೆಂಗಳೂರಿನಲ್ಲೇ ಇದ್ದು ಗಾಡಿ ಓಡಿಸುವವರಿಗೆ ಇದು ತಿರುವುಮುರುವು ಆಗಬಹುದು.

ಹಣದ ಲೆಕ್ಕಕ್ಕೆ ಬರೋಣ. ಎರಡಕ್ಕೂ ಕೈಯಿಂದ ಒಂದೂವರೆ ಲಕ್ಷ ಹಾಕುವುದು ಅಂತ ಇಟ್ಟುಕೊಂಡೆವು. ಹೊಸದಕ್ಕೆ 9 ಲಕ್ಷ ಸಾಲ, ಬಡ್ಡಿ ವರ್ಷಕ್ಕೆ ಶೇಕಡಾ 10.5, ಐದು ವರ್ಷ. ತಿಂಗಳ ಕಂತು ಸುಮಾರು 19,350. ಹಳೆಯದಕ್ಕೆ 4 ಲಕ್ಷ. ಸೆಕೆಂಡ್ ಹ್ಯಾಂಡ್ ಗಾಡಿಗೆ ಫೈನಾನ್ಸಿನವರು ಬಡ್ಡಿ ಜಾಸ್ತಿ ಹಾಕುತ್ತಾರೆ, ನಮಗೆ ಹೇಳಿದ್ದು 15. ಮೂರೇ ವರ್ಷ. ಕಂತು ಸುಮಾರು 13,870. ಬಡ್ಡಿ ದರ ಜಾಸ್ತಿಯಾದರೂ ಹಳೆಯದಕ್ಕೆ ಒಟ್ಟು ಬಡ್ಡಿ ಒಂದು ಲಕ್ಷದೊಳಗೆ ಮುಗಿಯುತ್ತದೆ. ಹೊಸದಕ್ಕೆ 2.6 ಲಕ್ಷ ದಾಟುತ್ತದೆ. ತಿಂಗಳಿಗೆ ಐದೂವರೆ ಸಾವಿರದ ವ್ಯತ್ಯಾಸ ತಾನೇ ಅಂತ ಭಾವ ಅಂದರು. ನಾಲ್ಕನೇ ವರ್ಷದಿಂದ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಅದೇ 19,350 ಅನ್ನುವುದನ್ನು ಕಾಗದದ ಮೇಲೆ ಬರೆದು ತೋರಿಸಬೇಕಾಯಿತು.

ಹೊಸದರ ಪರವಾಗಿ ಒಂದು ಮಾತು ಹೇಳಲೇಬೇಕು. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಮೊದಲು ಶೋರೂಂ ಬೆಲೆ 10 ಲಕ್ಷ ಇದ್ದ ಗಾಡಿಗೆ ಹತ್ತಿರ 78 ಸಾವಿರ ಕಡಿಮೆಯಾಗುವ ಲೆಕ್ಕ ಇದು. ಹೊಸದು ಇಳಿದಾಗ ಹಳೆಯದೂ ಇಳಿಯಬೇಕು. ಮಾರುವವರು ಅದಕ್ಕೂ ಮುಂಚಿನ ರೇಟನ್ನೇ ಹೇಳುತ್ತಾರೆ. ಇದನ್ನು ಹಿಡಿದು ಚೌಕಾಸಿ ಮಾಡಿ. ನಮಗೆ 6 ಲಕ್ಷ ಹೇಳಿದ್ದು 5.5ಕ್ಕೆ ಬಂದಿದ್ದು ಹೀಗೇ.

ಇನ್ಶೂರೆನ್ಸ್‌ನಲ್ಲಿ ಹಳೆಯದು ಅಗ್ಗ ಅಂದುಕೊಂಡವರು ಬಹಳ ಜನ. ಥರ್ಡ್ ಪಾರ್ಟಿಗೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾಗುವ ನಷ್ಟದ ವಿಮೆಗೆ, ಗಾಡಿಯ ವಯಸ್ಸು ಲೆಕ್ಕಕ್ಕಿಲ್ಲ, ಒಟ್ಟು ತೂಕವೇ ಲೆಕ್ಕ. 7,500 ಕೆಜಿವರೆಗಿನ ಸರಕು ವಾಹನಕ್ಕೆ 2022ರಲ್ಲಿ ನಿಗದಿಯಾದ ದರ 16,049 ರೂಪಾಯಿ, ಮೇಲೆ ಜಿಎಸ್‌ಟಿ. ಎರಡಕ್ಕೂ ಅದೇ. ಸ್ವಂತ ಗಾಡಿಯ ಡ್ಯಾಮೇಜಿನ ಭಾಗದಲ್ಲಿ ಮಾತ್ರ ಹಳೆಯದಕ್ಕೆ ಉಳಿತಾಯ. ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್ ವಿಷಯದಲ್ಲಿ ಹಳೆಯದಕ್ಕೆ ತಾಪತ್ರಯ ಇದೆ. 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. 2018ರ ಗಾಡಿ 2026ಕ್ಕೆ ಆ ಸಾಲಿಗೆ ಸೇರುತ್ತದೆ. ವರ್ಷ ವರ್ಷ ಬ್ರೇಕು, ದೀಪ, ಬಾಡಿ ಸರಿ ಮಾಡಿಸಿ ಆರ್‌ಟಿಒ ಮುಂದೆ ನಿಲ್ಲಿಸಬೇಕು, ಒಂದು ದಿನ ಹೋಗುತ್ತದೆ. ಲೈಸೆನ್ಸ್ ವಿಷಯದಲ್ಲಿ ಗೊಂದಲ ಬೇಡ. 7,500 ಕೆಜಿ ಒಳಗಿನ ಸರಕು ಗಾಡಿಯನ್ನು ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ.

ನಾವು ಹಳೆಯದನ್ನೇ ತೆಗೆದುಕೊಂಡೆವು. ಕಾರಣ ಟೊಮೆಟೊ. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಹೊತ್ತಿಗೆ ಕಿತ್ತ ಕೂಲಿಯೂ ಹುಟ್ಟದ ಸ್ಥಿತಿ. ಜುಲೈ ರೇಟು ನೋಡಿ ಆ ವರ್ಷ ಹೊಸ ಗಾಡಿ ಬುಕ್ ಮಾಡಿದ ಎಷ್ಟೋ ಮನೆ ನಮ್ಮ ಸುತ್ತ ಇವೆ. ನಮ್ಮ ಆದಾಯ ಹೀಗೆ ಏರುತ್ತದೆ, ಬೀಳುತ್ತದೆ. ಕಂತು ಮಾತ್ರ ಪ್ರತಿ ತಿಂಗಳೂ ಅದೇ ತಾರೀಕಿಗೆ, ಅಷ್ಟೇ. ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಗಾಡಿ ಸುಮ್ನೆ ಶೆಡ್ಡಿನಲ್ಲಿ ನಿಲ್ಲುವ ನಮ್ಮಂಥವರಿಗೆ ದೊಡ್ಡ ಕಂತು ಬೇಡ. ಚಿಕ್ಕಪ್ಪನ ಮಗನದು ಬೇರೆ ಕಥೆ. ಅವನು ತಿಂಗಳಲ್ಲಿ 25 ದಿನ ಬಾಡಿಗೆ ಹೊಡೆಯುತ್ತಾನೆ. ರಾತ್ರಿಯಿಡೀ ಕೂರುವ ಸೀಟು, 17 ಬಾಕ್ಸ್ ಜಾಸ್ತಿ ಲೋಡು, ವಾರಂಟಿ, ಇವೆಲ್ಲಾ ಅವನಿಗೆ ದಿನಾ ದುಡ್ಡು ತರುತ್ತವೆ. ಅವನು ಹೊಸದು ತಗೊಂಡಿದ್ದು ಸರಿ, ನಾವು ಹಳೆಯದು ತಗೊಂಡಿದ್ದೂ ಸರಿ.

ಹಳೆಯದರ ಕಡೆ ಮನಸ್ಸು ಹೋದವರು ಇಷ್ಟು ನೋಡಿ. ಮೊದಲು ಗಾಡಿ ಏನು ಹೊತ್ತಿತ್ತು ಅಂತ ಕೇಳಿ. ಮಂಗಳೂರು, ಮಲ್ಪೆ ಕಡೆ ಮೀನು ಹೊತ್ತ ಗಾಡಿಯಾದರೆ ಬೇಡ. ಉಪ್ಪುನೀರು ಚಾಸಿಯನ್ನು ಒಳಗಿಂದ ತಿಂದಿರುತ್ತದೆ, ಮೇಲೆ ಹೊಸ ಪೇಂಟ್ ಇರುತ್ತದೆ. ಮರಳು, ಇಟ್ಟಿಗೆ ಹೊತ್ತದ್ದಾದರೆ ಹಿಂದಿನ ಕಮಾನುಪಟ್ಟಿ ಎಣಿಸಿ, ಎರಡೂ ಪಕ್ಕ ಕಂಪನಿಯಿಂದ ಬಂದಷ್ಟೇ ಇದೆಯಾ, ಮೇಲೆ ಸೇರಿಸಿದ್ದಾರಾ ನೋಡಿ. ಸೇರಿಸಿದ್ದರೆ ಓವರ್‌ಲೋಡ್ ಹೊಡೆದ ಗಾಡಿ ಅಂತಲೇ ಅರ್ಥ. ತರಕಾರಿ ಗಾಡಿಯಲ್ಲಿ ಬಾಡಿಯ ತಳದ ಜಾಯಿಂಟು ನೋಡಿ. ಒದ್ದೆ ಟ್ರೇ, ಹಣ್ಣಿನ ರಸ ಬಿದ್ದು ಬಿದ್ದು ಅಲ್ಲೇ ತುಕ್ಕು ಶುರುವಾಗುತ್ತದೆ. ನಮ್ಮದರಲ್ಲೂ ಇತ್ತು, ಶೀಟ್ ಹೊಡೆಸಿದೆವು. ಎಂಜಿನ್ ಚಾಲೂ ಇದ್ದಾಗ ಆಯಿಲ್ ಮುಚ್ಚಳ ತೆಗೆಸಿ. ಬುಸುಬುಸು ಹೊಗೆ ಬಂದರೆ ಬ್ಯಾಕ್ ಕಂಪ್ರೆಷನ್ ಇದೆ, ಅಂದರೆ ಎಂಜಿನ್ ಒಳಗಿನ ಒತ್ತಡ ಸೋರುತ್ತಿದೆ, ಎಂಜಿನ್ ಕೆಲಸ ಹತ್ತಿರದಲ್ಲಿದೆ. ಬೆಳಿಗ್ಗೆ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಿ. ನೀವು ಹೋಗುವ ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆ ಅಂತ ಹೇಳಿ.

ಕಾಗದದಲ್ಲಿ ಆರ್‌ಸಿ ಮೇಲೆ ಸಾಲದ ನಮೂದು ಇದೆಯಾ ನೋಡಿಕೊಳ್ಳಿ. ಇದ್ದರೆ ತಕರಾರಿಲ್ಲ ಅನ್ನುವ ಫೈನಾನ್ಸಿನವರ ಎನ್‌ಒಸಿ ಪತ್ರ ಮತ್ತು ಆ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರುವವರೆಗೂ ಪೂರ್ತಿ ಹಣ ಕೊಡಬೇಡಿ, ಮಾರುವವರು ಎಷ್ಟೇ ಹತ್ತಿರದವರಾಗಿರಲಿ. ಗಾಡಿ ನಿಮ್ಮ ಹೆಸರಿಗೆ ವರ್ಗಾಯಿಸುವ ಫಾರ್ಮ್ 29, 30ಕ್ಕೆ ನಿಮ್ಮ ಎದುರೇ ಸಹಿ ಹಾಕಿಸಿ. ಬಾಕಿ ಇರುವ ದಂಡದ ಚಲನ್‌ಗಳನ್ನು ಆನ್‌ಲೈನಿನಲ್ಲಿ ತೆಗೆದು ನೋಡಿ, ಅವನ್ನು ಮಾರುವವರೇ ಕಟ್ಟಬೇಕು. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ, ನಿಮಗೆ ಬರುವುದಿಲ್ಲ, ಆ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ. ಅದನ್ನೂ ಗಾಡಿಯ ರೇಟಿಗೆ ಮೊದಲೇ ಸೇರಿಸಿಕೊಂಡು ಲೆಕ್ಕ ಹಾಕಿ.