ಆಫ್ ಮಾಡಿದರೂ ನಿಲ್ಲದ ಬಚ್ಚಲ ಫ್ಯಾನು: ಎರಡು ಮಳೆಗಾಲ ಕಳೆದ ಮೇಲೆ

ಕಳೆದ ವರ್ಷ ಆರಿದ್ರೆ ಮಳೆ ಹಿಡಿದ ದಿನ ನಮ್ಮ ಬಚ್ಚಲಿನ ಎಕ್ಸಾಸ್ಟ್ ಫ್ಯಾನು ತಿರುಗಲು ಶುರು ಮಾಡಿತು. ಪುನರ್ವಸು ಬಂತು, ತಿರುಗುತ್ತಲೇ ಇತ್ತು. ಪುಷ್ಯ ಬಂತು, ಆಗಲೂ ತಿರುಗುತ್ತಿತ್ತು. ಸ್ವಿಚ್ಚು ಆಫ್ ಮಾಡಿದರೆ ಕೇಳುವುದೇ ಇಲ್ಲ. ಲೈಟು ಆರುತ್ತದೆ, ಫ್ಯಾನು ಮಾತ್ರ ಗುಂಯ್ ಅನ್ನುತ್ತಲೇ ಇರುತ್ತದೆ. "ಇದಕ್ಕೆ ಯಾರೋ ಮಾಟ ಮಾಡ್ಸಿದಾರೆ ಮಾರಾಯ್ತಿ" ಅಂತ ಅತ್ತೆ ತಮಾಷೆ ಮಾಡಿದರು. ಮೂರನೇ ವಾರದ ಹೊತ್ತಿಗೆ ಅದು ತಮಾಷೆಯಾಗಿ ಉಳಿದಿರಲಿಲ್ಲ.

ಮೊದಲು ಮನೆಯ ವಿಷಯ ಹೇಳಿಬಿಡುತ್ತೇನೆ. ನಮ್ಮದು ತೀರ್ಥಹಳ್ಳಿ ಕಡೆ, ತೋಟದ ಮನೆ. ಹಿಂದುಗಡೆ ಹಂಡೆ ಒಲೆ ಇರುವ ಹಳೇ ಬಚ್ಚಲು ಇದೆ. ಅತ್ತೆಗೆ ಇವತ್ತಿಗೂ ಅಲ್ಲೇ ಸ್ನಾನ ಆಗಬೇಕು. 2024ರ ಏಪ್ರಿಲ್‌ನಲ್ಲಿ ರೂಮಿಗೆ ಸೇರಿಸಿ ಇನ್ನೊಂದು ಬಚ್ಚಲು ಕಟ್ಟಿಸಿದೆವು. ಕರೆಂಟ್ ಗೀಸರ್, ಟೈಲ್ಸ್, ಒಂದೇ ಒಂದು ಸಣ್ಣ ಕಿಟಕಿ. ನಾನು ಶಾಲೆಯಲ್ಲಿ ವಿಜ್ಞಾನ ಟೀಚರ್. ಹಾಗಾಗಿ ಅಂಗಡಿಯ ಸಾದಾ ಫ್ಯಾನು ಬೇಡ, ತೇವಾಂಶ ನೋಡಿಕೊಂಡು ತಾನೇ ಆನ್ ಆಗಿ ತಾನೇ ಆಫ್ ಆಗುವಂಥದ್ದೇ ಬೇಕು ಅಂತ ಹಟ ಹಿಡಿದೆ. ಸಾದಾ ಫ್ಯಾನಿನ ಎರಡು ಪಟ್ಟಿಗಿಂತ ಜಾಸ್ತಿ ದುಡ್ಡು ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದೆ. ಕಂಪನಿಯ ಹೆಸರು ಹೇಳುವುದಿಲ್ಲ. ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ.

ಮೊದಲ ಎರಡು ತಿಂಗಳು ನನಗೆ ಈ ಫ್ಯಾನಿನ ಮೇಲೆ ಎಷ್ಟು ಪ್ರೀತಿ ಅಂದರೆ, ನೆಂಟರು ಬಂದರೆ ಬಚ್ಚಲಿಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ಬೆಳಿಗ್ಗೆ ಐದೂಮುಕ್ಕಾಲಿಗೆ ನನ್ನ ಸ್ನಾನ. ಮೂರನೇ ತಂಬಿಗೆ ಬಿಸಿನೀರು ಮೈಮೇಲೆ ಬೀಳುವಷ್ಟರಲ್ಲಿ ಮೇಲೆ ಟಕ್ ಅಂತ ಒಂದು ಸಣ್ಣ ಸದ್ದು, ಆಮೇಲೆ ಗುಂಯ್. ಟವೆಲ್ ಸುತ್ತಿಕೊಂಡು ತಲೆ ಒರೆಸುವ ಹೊತ್ತಿಗೆ ಕನ್ನಡಿಯ ಮೇಲ್ಗಡೆಯಿಂದ ಹಬೆ ಬಿಡುತ್ತಾ ಬರುತ್ತದೆ. ಮೊದಲು ಹಣೆ ಕಾಣುತ್ತದೆ, ಆಮೇಲೆ ಕಣ್ಣು. ಹಣೆ ಕಂಡ ಕೂಡಲೇ ಕುಂಕುಮ. ಮೊದಲೆಲ್ಲ ಸೆರಗಿನಲ್ಲಿ ಕನ್ನಡಿ ಒರೆಸಿ ಒರೆಸಿ ಅದರ ಮೇಲೆ ನೂಲಿನ ಗೆರೆ ಬೀಳುತ್ತಿತ್ತು. ನಾನು ಸೀರೆ ಉಟ್ಟು ಹೊರಗೆ ಬರುವಾಗ ಫ್ಯಾನು ಇನ್ನೂ ಓಡುತ್ತಿರುತ್ತದೆ. ಕಾಫಿ ಲೋಟ ಕೈಗೆ ಬರುವ ಹೊತ್ತಿಗೆ ತಾನೇ ನಿಲ್ಲುತ್ತದೆ. ಹೇಳದೆಯೇ ಕೆಲಸ ಮುಗಿಸಿ ಹೋಗುವ ಆಳು ಸಿಕ್ಕಷ್ಟು ಖುಷಿ.

ಆಮೇಲೆ ಜೂನ್ ಬಂತು.

ಹಗಲೂ ರಾತ್ರಿ ಓಡಿತು ಅಂದೆನಲ್ಲ, ಅದು ಉತ್ಪ್ರೇಕ್ಷೆ ಅಲ್ಲ. ನಿಲ್ಲುತ್ತಿದ್ದದ್ದು ಕರೆಂಟು ಹೋದಾಗ ಮಾತ್ರ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗುವುದಕ್ಕೇನೂ ಬರ ಇಲ್ಲ. ಆದರೆ ಬಚ್ಚಲಿನ ಲೈನು ಇನ್ವರ್ಟರ್ ಮೇಲಿದೆ. ಹಾಗಾಗಿ ಊರೆಲ್ಲ ಕತ್ತಲಾದರೂ ನಮ್ಮ ಫ್ಯಾನು ತಿರುಗುತ್ತಿತ್ತು, ಬ್ಯಾಟರಿ ತಿನ್ನುತ್ತಾ. ಆ ಸದ್ದು ಜೋರಿಲ್ಲ. ಜೋರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಮಳೆ ಸ್ವಲ್ಪ ಬಿಟ್ಟಾಗ, ಇನ್ನೇನು ನಿದ್ದೆ ಹತ್ತಬೇಕು ಅನ್ನುವಾಗ, ಗೋಡೆಯೊಳಗಿಂದ ಬರುವ ಸಣ್ಣ ಗುಂಯ್. ಅದೇ ಕಷ್ಟ.

ಬಿಲ್ಲಿನ ವಿಷಯಕ್ಕೆ ತಲೆ ಕೆಡಿಸಿಕೊಂಡವರು ನಮ್ಮ ಮನೆಯವರು. ಗೃಹಜ್ಯೋತಿಯಲ್ಲಿ 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ, 200 ಯೂನಿಟ್ ಒಳಗೆ ಅಷ್ಟು ಉಚಿತ ಅಂತ ಲೆಕ್ಕ ಹಾಕಿದ್ದರಲ್ವಾ? ನಮಗೆ ಬಂದದ್ದು 92 ಯೂನಿಟ್. ಅಷ್ಟರೊಳಗೆ ಸಂಸಾರ ಮಾಡಿ ತಿಂಗಳು ತಿಂಗಳು ಸೊನ್ನೆ ಬಿಲ್ಲು ನೋಡಿ ಅಭ್ಯಾಸ ಆಗಿತ್ತು. ಫ್ಯಾನು 20 ವ್ಯಾಟಿನದ್ದು. ಇಡೀ ದಿನ ಓಡಿದರೆ ಅರ್ಧ ಯೂನಿಟ್, ತಿಂಗಳಿಗೆ ಸುಮಾರು 14. ದೊಡ್ಡ ದುಡ್ಡಲ್ಲ, ನೂರು ರೂಪಾಯಿ ಆಚೀಚೆ. ಆದರೆ ಸೊನ್ನೆ ಬರುತ್ತಿದ್ದ ಜಾಗದಲ್ಲಿ ನೂರು ಕಂಡರೆ ಗಂಡಸರಿಗೆ ಸಂಕಟ ಆಗುತ್ತದೆ.

ಕಂಪನಿಗೆ ಫೋನು ಮಾಡಿದೆ. "ಮೇಡಂ, ಅದು ಟೈಮರ್ ಇರುವ ಫ್ಯಾನು, ಆಫ್ ಮಾಡಿದ ಮೇಲೂ 15 ನಿಮಿಷ ಓಡುತ್ತದೆ, ಕಾಯಿರಿ" ಅಂದರು. ನಾನು ಹನ್ನೊಂದು ದಿನದಿಂದ ಕಾಯುತ್ತಿದ್ದೇನೆ ಅಂದೆ. ಎರಡನೇ ಸಲ ಬೇರೆಯವರು ಎತ್ತಿಕೊಂಡು, ವೈರಿಂಗ್ ತಪ್ಪಾಗಿರಬೇಕು ಅಂದರು. ಮೂರನೇ ಸಲ, ಬೋರ್ಡು ಹೋಗಿರಬೇಕು, ವಾರಂಟಿಗೆ ಶಿವಮೊಗ್ಗಕ್ಕೆ ತನ್ನಿ ಅಂದರು. ನೀವು ಎಲ್ಲಿಂದ ಮಾತಾಡುತ್ತಿದ್ದೀರಿ, ಅಲ್ಲಿ ಮಳೆ ಬರುತ್ತಿದೆಯಾ ಅಂತ ಒಬ್ಬರೂ ಕೇಳಲಿಲ್ಲ. ನನ್ನ ಸಿಟ್ಟು ಅದಕ್ಕೇ.

ಕೊನೆಗೆ ದಾರಿ ತೋರಿಸಿದ್ದು ನಮ್ಮೂರಿನ ವೈರಿಂಗ್ ಹುಡುಗ. ಅವನು ಮಾಡಿದ್ದನ್ನು ಬಿಡಿಸಿ ಬರೆಯುತ್ತೇನೆ. ಇಂಥ ಫ್ಯಾನು ತಂದು ತಲೆ ಮೇಲೆ ಕೈ ಹೊತ್ತವರು ಇನ್ನೂ ಇರಬಹುದು.

ಮೊದಲು ಎಂಸಿಬಿ ಇಳಿಸಿ ಫ್ಯಾನಿನ ಮುಚ್ಚಳ ತೆಗೆದ. ಸಾದಾ ಫ್ಯಾನಿಗೆ ಫೇಸು, ನ್ಯೂಟ್ರಲ್ಲು ಎರಡೇ ವೈರು. ಟೈಮರ್ ಇರುವುದಕ್ಕೆ ಮೂರು. ಒಂದು ನ್ಯೂಟ್ರಲ್, ಒಂದು ಯಾವಾಗಲೂ ಕರೆಂಟಿರುವ ಫೇಸು, ಇನ್ನೊಂದು ಸ್ವಿಚ್ಚಿನಿಂದ ಬರುವ ಫೇಸು. ನಾವು ಒತ್ತುವ ಸ್ವಿಚ್ಚು ಫ್ಯಾನಿಗೆ ಸುದ್ದಿ ಮುಟ್ಟಿಸುತ್ತದೆ ಅಷ್ಟೆ, ಊಟ ಹಾಕುವುದು ಆ ಇನ್ನೊಂದು ಫೇಸು. ಸ್ವಿಚ್ಚು ಆಫ್ ಮಾಡಿದರೂ ಫ್ಯಾನು ನಿಲ್ಲದಿರುವುದು ಅದಕ್ಕೇ. ಕೂರಿಸುವಾಗ ಈ ಎರಡು ಫೇಸಿನ ಮಧ್ಯೆ ಒಂದು ತುಂಡು ವೈರು ಹಾಕಿಬಿಟ್ಟಿದ್ದರೆ ಫ್ಯಾನು ಜನ್ಮದಲ್ಲಿ ನಿಲ್ಲುವುದಿಲ್ಲವಂತೆ. ನಮ್ಮದರಲ್ಲಿ ಹಾಗೇನೂ ಇರಲಿಲ್ಲ. ಆಮೇಲೆ ಎಂಸಿಬಿ ಏರಿಸಿ, ಸ್ವಿಚ್ಚು ಆಫ್ ಇಟ್ಟೇ ಅದರ ವೈರಿಗೆ ಟೆಸ್ಟರ್ ಹಿಡಿದ. ಮಂದವಾಗಿ ಹೊತ್ತಿತು. ಸಿಕ್ಕಿಬಿತ್ತು ಕಳ್ಳ ಅಂದುಕೊಂಡೆ. ಆದರೆ ಅವನು ಮೀಟರ್ ಇಟ್ಟು ನೋಡಿ, "ಇದು ಸುಳ್ಳು ಕರೆಂಟು ಅಕ್ಕ, ಪಕ್ಕದ ವೈರಿಂದ ಬಂದಿದ್ದು" ಅಂದ. ಎರಡು ವೈರು ಒಂದೇ ಪೈಪಿನಲ್ಲಿ ಉದ್ದಕ್ಕೆ ಹೋದರೆ ಸ್ವಲ್ಪ ವೋಲ್ಟೇಜು ಹಾಗೆ ಇಣುಕುತ್ತದೆ. ಕೆಲವು ಟೈಮರ್‌ಗಳು ಅದನ್ನೇ ನಂಬಿ ಓಡುವುದೂ ಉಂಟಂತೆ. ಆ ವೈರನ್ನೇ ಬಿಚ್ಚಿ ನೋಡಿದ. ಆದರೂ ಓಡಿತು. ಅಂದರೆ ಸ್ವಿಚ್ಚಿನದ್ದು ತಪ್ಪಿಲ್ಲ.

ಆಗ ಅವನು ಕೇಳಿದ, "ಅಕ್ಕ, ಕೂದ್ಲು ಒಣಗ್ಸೋ ಮಷಿನ್ ಇದ್ಯಾ?"

ಮಗಳ ಹೇರ್ ಡ್ರೈಯರ್ ತಂದುಕೊಟ್ಟೆ. ಬಾಗಿಲ ಹೊರಗಿನ ಪ್ಲಗ್ಗಿಗೆ ಹಾಕಿ, ಒಣ ಸ್ಟೂಲಿನ ಮೇಲೆ ನಿಂತ. ಒಳಗೆ ಎರಡು ಪುಟಾಣಿ ತಿರುಪುಗಳಿವೆ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡವು. ಒಂದು ಟೈಮರಿನದ್ದು, ಒಂದು ತೇವಾಂಶದ್ದು. ಟೈಮರನ್ನು ಎರಡು ನಿಮಿಷಕ್ಕೆ ಇಳಿಸಿಕೊಂಡು, ಸೆನ್ಸರಿನ ಹತ್ತಿರ ಬಿಸಿಗಾಳಿ ಊದಿದ. ಸ್ವಲ್ಪ ಹೊತ್ತಿಗೆ ಟಕ್. ನಿಂತಿತು! ಐದು ವಾರದ ಮೇಲೆ ಮೊದಲ ಸಲ ಮನೆಯಲ್ಲಿ ಬರೀ ಮಳೆಯ ಸದ್ದು. ಅಡುಗೆಮನೆಯಿಂದ ಅತ್ತೆ "ಕರೆಂಟ್ ಹೋಯ್ತಾ?" ಅಂತ ಕೂಗಿದರು.

"ಇದು ಕೆಟ್ಟಿಲ್ಲ ಅಕ್ಕ. ನಮ್ಮೂರು ಇದಕ್ಕೆ ಒಗ್ಗಿಲ್ಲ" ಅಂದ ಹುಡುಗ.

ಕಂಪನಿಯವರು ತೇವಾಂಶದ ತಿರುಪನ್ನು ಶೇಕಡಾ 60ಕ್ಕೆ ಇಟ್ಟು ಕಳಿಸಿದ್ದರು. ಮಾರನೇ ದಿನ ನಾನು ಶಾಲೆಯ ಲ್ಯಾಬಿನಿಂದ ಎರಡು ಥರ್ಮಾಮೀಟರ್ ತಂದೆ. ಒಂದರ ಬುಡಕ್ಕೆ ಒದ್ದೆ ಬಟ್ಟೆ, ಇನ್ನೊಂದು ಒಣಗಿದ್ದು. ಎಂಟನೇ ಕ್ಲಾಸಿನ ಮಕ್ಕಳಿಗೆ ನಾನೇ ಪ್ರತಿ ವರ್ಷ ತೋರಿಸುವ ಪ್ರಯೋಗ. ಜಗಲಿಯಲ್ಲಿ ನೇತು ಹಾಕಿ ನೋಡಿದರೆ ಒಣಗಿದ್ದು 23 ಡಿಗ್ರಿ, ಒದ್ದೆಯದ್ದು 22. ಪಟ್ಟಿ ನೋಡಿದರೆ ತೇವಾಂಶ ಶೇಕಡಾ 92! ಪಾಪ, ಫ್ಯಾನಿನ ಪ್ರಕಾರ ನಮ್ಮ ಇಡೀ ಊರೇ ಸ್ನಾನ ಮಾಡುತ್ತಿತ್ತು. ಹೊರಗಿನ ಗಾಳಿಯೇ 92 ಇರುವಾಗ ಒಳಗಿನದ್ದನ್ನು 60ಕ್ಕೆ ತರುತ್ತೇನೆ ಅಂತ ಅದು ಒಂದೇ ಸಮ ದುಡಿಯುತ್ತಿತ್ತು. ವಿಜ್ಞಾನ ಟೀಚರ್ ಆಗಿ ನನಗೇ ಇದು ಮೊದಲು ಹೊಳೆಯಬೇಕಿತ್ತು, ಬಿಡಿ.

ಹುಡುಗ ತಿರುಪನ್ನು 80ಕ್ಕೆ ತಿರುಗಿಸಿದ. ಮಳೆಗಾಲಕ್ಕೆ ಅದೂ ಸಾಲದು ಅಂತ, ಯಾವಾಗಲೂ ಕರೆಂಟಿರುವ ಆ ಫೇಸಿಗೇ ಬಾಗಿಲ ಹೊರಗೆ ಬೇರೆ ಸ್ವಿಚ್ಚು ಹಾಕಿಕೊಟ್ಟ. ಅದು ಆಫ್ ಆದರೆ ಫ್ಯಾನಿನ ಬುದ್ಧಿವಂತಿಕೆಯೂ ಆಫ್. ಕೂಲಿ, ಸ್ವಿಚ್ಚು ಎಲ್ಲ ಸೇರಿ 350 ರೂಪಾಯಿ.

ಅಕ್ಟೋಬರ್‌ನಲ್ಲಿ ಮಳೆ ನಿಂತ ಮೇಲೆ ಹೊರಗಿನ ಸ್ವಿಚ್ಚು ಆನ್ ಮಾಡಿಟ್ಟೆ. ಹಗಲೆಲ್ಲ ಸರಿಯಾಗಿತ್ತು. ಆದರೆ ರಾತ್ರಿ ಮೂರಕ್ಕೆ ಟಕ್, ಗುಂಯ್. ಯಾರೂ ಸ್ನಾನ ಮಾಡುತ್ತಿಲ್ಲ, ಮಳೆಯೂ ಇಲ್ಲ. ಇದರ ಗುಟ್ಟು ಗಾಳಿಯ ತಣ್ಪು. 25 ಡಿಗ್ರಿಯ ಗಾಳಿಯಲ್ಲಿ ತೇವಾಂಶ 70 ಇದೆ ಅನ್ನಿ. ಅದೇ ಗಾಳಿ ರಾತ್ರಿ 20 ಡಿಗ್ರಿಗೆ ತಣ್ಣಗಾದರೆ, ಒಂದು ತೊಟ್ಟು ನೀರೂ ಹೆಚ್ಚದೆ ಅದು ಸುಮಾರು 95 ಆಗಿಬಿಡುತ್ತದೆ. ತಣ್ಣನೆ ಗಾಳಿಗೆ ನೀರು ಹಿಡಿದುಕೊಳ್ಳುವ ಶಕ್ತಿ ಕಮ್ಮಿ. ಹಾಗಾಗಿ ಮಳೆಗಾಲ ಬಿಟ್ಟು ಉಳಿದ ದಿನ ರಾತ್ರಿ ಮಲಗುವಾಗ ಹೊರಗಿನ ಸ್ವಿಚ್ಚು ಆಫ್ ಮಾಡುವುದು ಈಗ ಗ್ಯಾಸ್ ಬಂದ್ ಮಾಡಿದಷ್ಟೇ ಅಭ್ಯಾಸದ ಕೆಲಸ.

ಈ ವರ್ಷ ಫೆಬ್ರವರಿಯಲ್ಲಿ ಮತ್ತೆ ಒಂದು ಸಲ ನಿಲ್ಲದೆ ಓಡಿತು. ಆ ಸಲ ತಪ್ಪು ಸೀಗೆಪುಡಿಯದ್ದು. ಭಾನುವಾರ ಎಣ್ಣೆಸ್ನಾನಕ್ಕೆ ಸೀಗೆಪುಡಿ ಕಲಸುವಾಗ ಏಳುವ ದೂಳು, ಮಗಳ ಪೌಡರು, ಎರಡೂ ಸೇರಿ ಸೆನ್ಸರ್ ಮೇಲೆ ಪದರ ಕಟ್ಟಿತ್ತು. ಕರೆಂಟು ಬಂದ್ ಮಾಡಿ ಒಣ ಬ್ರಷ್ಷಿನಲ್ಲಿ ಉಜ್ಜಿದೆ, ಸರಿಹೋಯಿತು. ಒದ್ದೆ ಬಟ್ಟೆ ಮುಟ್ಟಿಸಬೇಡಿ.

ಇಷ್ಟು ಬೈದ ಮೇಲೆ ಒಂದು ಮಾತು ಹೇಳಲೇಬೇಕು. ಆ ಐದು ವಾರ ಫ್ಯಾನು ಓಡಿತಲ್ಲ, ಅದು ನಿಂತ ಮೂರನೇ ದಿನ ಮಗಳು ಕೇಳಿದಳು, "ಅಮ್ಮ, ಯೂನಿಫಾರ್ಮ್ ಯಾಕೆ ಮುಗ್ಗುಲು ವಾಸನೆ?" ಆಗ ನೆನಪಾಯಿತು. ಆ ವರ್ಷ ಒಗೆದ ಬಟ್ಟೆಯನ್ನು ಹಂಡೆ ಒಲೆಯ ಮೇಲಿನ ಗಳಕ್ಕೆ ಹಾಕಿಯೇ ಇರಲಿಲ್ಲ. ಜಾಗ ಸಾಲದೆ ಹೊಸ ಬಚ್ಚಲಿನಲ್ಲಿ ಹಗ್ಗ ಕಟ್ಟಿ ಅಲ್ಲೇ ಹರವುತ್ತಿದ್ದೆ. ರಾತ್ರಿ ಹಾಕಿದ ಯೂನಿಫಾರ್ಮ್ ಬೆಳಿಗ್ಗೆ ಇಸ್ತ್ರಿಗೆ ಸಿದ್ಧ, ಅದೂ ಹೊಗೆ ವಾಸನೆ ಇಲ್ಲದೆ. ಮನೆಯೊಳಗಿನ ಗಾಳಿ ಹೊರಗಿನದ್ದಕ್ಕಿಂತ ಒಂದು ಚೂರು ಬೆಚ್ಚಗೆ, ಒಂದು ಚೂರು ಒಣ. ಅದನ್ನು ರಾತ್ರಿಯಿಡೀ ಬಟ್ಟೆಯ ಮೇಲೆ ಎಳೆದರೆ ಸಾಕು. ಜೀನ್ಸ್ ಪ್ಯಾಂಟು, ಕಂಬಳಿ ಇದರಲ್ಲಿ ಒಣಗುವುದಿಲ್ಲ, ಆಸೆ ಇಟ್ಟುಕೊಳ್ಳಬೇಡಿ. ಆದರೆ ಬ್ಲೌಸು, ಲಂಗ, ಯೂನಿಫಾರ್ಮು, ಅತ್ತೆಯ ಕಾಟನ್ ಸೀರೆ ಎಲ್ಲ ಒಣಗುತ್ತವೆ. ಮಲೆನಾಡಿನಲ್ಲಿ ಮಳೆಗಾಲ ಕಳೆದವರಿಗೆ ಒಣಗಿದ ಲಂಗದ ಬೆಲೆ ಗೊತ್ತು.

ಹಾಗಾಗಿ ಈ ವರ್ಷ ಆರಿದ್ರೆಗೆ ನಾನೇ ತಿರುಪನ್ನು ಮತ್ತೆ 60ಕ್ಕೆ ಇಳಿಸಿದೆ. ನಿಲ್ಲಬೇಡ, ಓಡು ಅಂತ. ಬಾಗಿಲು ಮಳೆಗೆ ಉಬ್ಬಿ ಕೆಳಗಡೆ ಸಂದೇ ಇಲ್ಲದೆ ಫ್ಯಾನಿಗೆ ಉಸಿರು ಕಟ್ಟುತ್ತಿತ್ತು. ಬಡಗಿ ಕರೆಸಿ ಒಂದು ಬೆರಳಷ್ಟು ಕೊಯ್ಯಿಸಿದೆ. ಒಂದೇ ತೊಂದರೆ, ಕಿಟಕಿ ಎಲ್ಲ ಮುಚ್ಚಿದ್ದರೆ ಅದು ಹಳೇ ಬಚ್ಚಲಿನ ಹೊಗೆಯನ್ನೂ ಒಳಗೆ ಎಳೆಯುತ್ತದೆ. ಅತ್ತೆ ಒಲೆ ಹಾಕಿದ ಹೊತ್ತಿಗೆ ಅಡುಗೆಮನೆ ಕಿಟಕಿ ತೆಗೆದಿಡುತ್ತೇನೆ. ಇದೇ ಕಾರಣಕ್ಕೆ, ಬಚ್ಚಲೊಳಗೆ ಗ್ಯಾಸ್ ಗೀಸರ್ ಇಟ್ಟುಕೊಂಡವರು ಫ್ಯಾನು ಇದೆಯಲ್ಲ ಅಂತ ಧೈರ್ಯ ಮಾಡಬೇಡಿ. ಆ ಗೀಸರ್ ಹೊರಗೇ ಇರಬೇಕು.

ಬಿಲ್ಲು? ಈಗ ಬರುತ್ತದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪೇಟೆಗೆ ಹೋಗುವವರು ಅವರೇ ಆದ್ದರಿಂದ ಮನೆಯವರು ಈಗ ಮಾತಾಡುವುದಿಲ್ಲ.

ಐದು ನಕ್ಷತ್ರದಲ್ಲಿ ಫ್ಯಾನಿಗೆ ನಾಲ್ಕು, ಕಂಪನಿಯ ಫೋನಿನವರಿಗೆ ಒಂದು. ನಿಮ್ಮ ಊರಿನಲ್ಲಿ ಮಳೆ ಜಾಸ್ತಿ ಇದ್ದರೆ ತಿರುಪು ಎಲ್ಲಿದೆ ಅಂತ ಕೂರಿಸುವ ದಿನವೇ ನೋಡಿಟ್ಟುಕೊಳ್ಳಿ, ಹೊರಗೊಂದು ಸ್ವಿಚ್ಚು ಹಾಕಿಸಿ. ಬಯಲುಸೀಮೆಯವರಾದರೆ ಇಷ್ಟೆಲ್ಲ ತಲೆನೋವು ಇಲ್ಲ, ಆದರೆ ಇಷ್ಟು ದುಡ್ಡು ಕೊಡುವ ಅಗತ್ಯವೂ ಇಲ್ಲ, ಸಾದಾ ಫ್ಯಾನೇ ಸಾಕು. ಇದನ್ನು ಬರೆಯುವಾಗ ಮಘೆ ಮಳೆ ಹೊಡೆಯುತ್ತಿದೆ. ಬಚ್ಚಲಿನಲ್ಲಿ ಮೂರು ಯೂನಿಫಾರ್ಮ್, ಅತ್ತೆಯ ಎರಡು ಸೀರೆ, ಒಂದು ಜೊತೆ ಸಾಕ್ಸು. ಸಾಕ್ಸು ಮಾತ್ರ ನಿನ್ನೆಯದು, ಇನ್ನೂ ತಣ್ಣಗಿದೆ.