ಡರ್ಹಮ್‌ನಲ್ಲಿರೋದಾ, ಕ್ಯಾರಿಗೆ ಹೋಗೋದಾ?

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಈ ಭಾಗಕ್ಕೆ ಕೆಲಸ ಸಿಕ್ಕಿ ಬರುವ ನಮ್ಮವರಲ್ಲಿ ಬಹಳಷ್ಟು ಜನರ ಆಫೀಸು ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಸಂಶೋಧನೆ-ಟೆಕ್ ಕಂಪನಿಗಳ ಪ್ರದೇಶದಲ್ಲೋ ಅದರ ಆಸುಪಾಸಿನಲ್ಲೋ ಇರುತ್ತದೆ. 1959ರಲ್ಲಿ ಶುರುವಾದ ಈ ಪಾರ್ಕ್‌ನ ಬಹುಪಾಲು ಡರ್ಹಮ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ), ಒಂದು ತುದಿ ವೇಕ್ ಕೌಂಟಿಯಲ್ಲಿ. ಹಾಗಾಗಿ ಯಾವ ಕಡೆ ಮನೆ ಮಾಡಿದರೂ ಆಫೀಸು ದೂರವಾಗದು. ನಾವು ಎರಡೂ ಕಡೆ ಬಾಡಿಗೆಗಿದ್ದು ನೋಡಿದೆವು: ಮೊದಲು ಡರ್ಹಮ್ ಡೌನ್‌ಟೌನ್ ಹತ್ತಿರ, ಆಮೇಲೆ ವೇಕ್ ಕೌಂಟಿಯ ಕ್ಯಾರಿಯಲ್ಲಿ.

ಡರ್ಹಮ್ ತಂಬಾಕಿನ ದುಡ್ಡಿನಲ್ಲಿ ಬೆಳೆದ ಊರು. ಸಿಗರೇಟು ಫ್ಯಾಕ್ಟರಿಯ ಕೆಂಪು ಇಟ್ಟಿಗೆ ಕಟ್ಟಡಗಳಲ್ಲಿ ಈಗ ಆಫೀಸು, ಹೋಟೆಲು. ಪಕ್ಕದಲ್ಲೇ ಬೇಸ್‌ಬಾಲ್ ಮೈದಾನ. ಡ್ಯೂಕ್ ವಿಶ್ವವಿದ್ಯಾಲಯದ ಹೆಸರೂ ಆ ತಂಬಾಕು ಮನೆತನದ್ದೇ. ನನಗೆ ಹೆಚ್ಚು ಹಿಡಿಸಿದ್ದು ಪ್ಯಾರಿಶ್ ಸ್ಟ್ರೀಟ್. ಜನಾಂಗಭೇದದ ಕಾನೂನುಗಳ ಕಾಲದಲ್ಲೇ ಕಪ್ಪು ಜನರು ಅಲ್ಲಿ ಸ್ವಂತ ಬ್ಯಾಂಕು ನಡೆಸಿದರು. 1898ರಲ್ಲಿ ಹುಟ್ಟಿದ ಅವರ ನಾರ್ತ್ ಕ್ಯಾರೊಲೈನಾ ಮ್ಯೂಚುಯಲ್ ವಿಮಾ ಕಂಪನಿಯೂ ಆ ಬೀದಿಯಲ್ಲೇ ಇತ್ತು. ಅದೇ ಸಮುದಾಯದ ಹೇಟೈ ಬಡಾವಣೆಯನ್ನು ನಗರ ನವೀಕರಣ, ಫ್ರೀವೇ ಹೆಸರಿನಲ್ಲಿ ಕೆಡವಿದ್ದು ಗೊತ್ತಾದ ಮೇಲೆ ಆ ಫ್ರೀವೇಯಲ್ಲಿ ಕಾರು ಓಡಿಸುವಾಗ ಏನೋ ಕಸಿವಿಸಿ. ಇನ್ನು ಗ್ರೆಗ್ಸನ್ ಸ್ಟ್ರೀಟಿನ ತಗ್ಗಾದ ರೈಲು ಸೇತುವೆ! ಎಚ್ಚರಿಕೆ ಫಲಕಗಳಿದ್ದರೂ ಲಾರಿಗಳು ತಲೆ ಸುಲಿಸಿಕೊಳ್ಳುತ್ತಿದ್ದವು. 2019ರಲ್ಲಿ 8 ಇಂಚು ಎತ್ತರಿಸಿದರು, ಲಾರಿಗಳು ಬಡಿಯುವುದು ನಿಲ್ಲಲಿಲ್ಲ.

ಕ್ಯಾರಿಯಲ್ಲಿ ಇಂಥ ಕತೆಗಳು ಕಡಿಮೆ. 2020ರ ಜನಗಣತಿಯಲ್ಲಿ 1,74,721 ಜನ, ಆದರೂ ಅಧಿಕೃತವಾಗಿ ಇನ್ನೂ 'ಟೌನ್'. ಒಪ್ಪವಾದ ಹುಲ್ಲು, ಪೈನ್ ಮರಗಳ ಹಿಂದೆ ಅಡಗಿದ ಅಂಗಡಿಗಳು. ನಮ್ಮವರಿಗೆ ಸುಖ ಮಾತ್ರ ಇಲ್ಲೇ: ವೆಂಕಟೇಶ್ವರ ದೇವಸ್ಥಾನ, ದಿನಸಿ ಅಂಗಡಿ, ದೋಸೆ, ಪಕ್ಕದ ಮಾರಿಸ್‌ವಿಲ್‌ನಲ್ಲಿ 2023ರಲ್ಲಿ ಮೇಜರ್ ಲೀಗ್ ಕ್ರಿಕೆಟ್ ಪಂದ್ಯಗಳು ನಡೆದ ಮೈದಾನ. ಸಂಜೆ ವಾಕಿಂಗ್‌ಗೆ ಹೊರಟರೆ ಕನ್ನಡ ಕಿವಿಗೆ ಬೀಳದ ದಿನ ಅಪರೂಪ.

ಆದರೆ ದಿನನಿತ್ಯದ ಬದುಕಿಗೆ ಊರಿಗಿಂತ ಕೌಂಟಿ ಮುಖ್ಯ. 2020ರ ಜನಗಣತಿಯಂತೆ ಡರ್ಹಮ್ ಕೌಂಟಿಯ 3,24,833 ಜನರಲ್ಲಿ ಬಹುಪಾಲು ಒಂದೇ ನಗರದವರು. ವೇಕ್‌ನಲ್ಲಿ 11 ಲಕ್ಷ ದಾಟಿದ ಜನ, ರಾಜಧಾನಿ ರಾಲಿ ಸೇರಿ ಹನ್ನೆರಡು ಊರು, ಎಲ್ಲಕ್ಕೂ ಒಂದೇ ಶಾಲಾ ಮಂಡಳಿ. ಅಲ್ಲಿನ ಕೆಲವು ಶಾಲೆಗಳು ವರ್ಷಪೂರ್ತಿ ನಡೆಯುತ್ತವೆ: ಒಂಬತ್ತು ವಾರ ಪಾಠ, ಮೂರು ವಾರ ರಜೆ. ಬೇಸಿಗೆಯಲ್ಲಿ ಎರಡು ತಿಂಗಳು ಬೆಂಗಳೂರಿಗೆ ಹೋಗುವ ಪ್ಲಾನು ಅಲ್ಲಿಗೇ ಕೈಬಿಡಬೇಕು. ಹತ್ತಿರದ ಶಾಲೆ ತುಂಬಿದ್ದರೆ ಮಗುವಿಗೆ ದೂರದ ಶಾಲೆ. ಆಸ್ತಿ ತೆರಿಗೆಯ ದರ ಡರ್ಹಮ್‌ನಲ್ಲಿ ಜಾಸ್ತಿ. ನಗರದೊಳಗಿದ್ದರೆ ಎರಡೂ ಕಡೆ ನಗರ, ಕೌಂಟಿ ಎರಡಕ್ಕೂ ಕಟ್ಟಬೇಕು. ಕ್ಯಾರಿಯ ಪಶ್ಚಿಮದ ಕೆಲವು ಬಡಾವಣೆಗಳು ಚ್ಯಾಥಮ್ ಕೌಂಟಿಗೆ ಸೇರಿವೆ, ಅಲ್ಲಿಗೆ ವೇಕ್ ಶಾಲೆಗಳು ಅನ್ವಯಿಸುವುದಿಲ್ಲ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಕೌಂಟಿಯ ನಕ್ಷೆಯಲ್ಲೇ ವಿಳಾಸ ಹಾಕಿ ನೋಡಿ.

ಮತ್ತೆ ಆರಿಸು ಅಂದರೆ ನನ್ನ ಓಟು ದಕ್ಷಿಣ ಡರ್ಹಮ್‌ಗೆ, ಐ-40 ಹೆದ್ದಾರಿಯ ಬಳಿ. ಹಳೆಯ ರೈಲು ಹಾದಿಯ ಮೇಲಿನ ಅಮೆರಿಕನ್ ಟೊಬ್ಯಾಕೊ ಟ್ರೇಲ್‌ನಲ್ಲಿ ಸೈಕಲ್ ಹತ್ತಿದರೆ ಡೌನ್‌ಟೌನ್ ತನಕ ಹೋಗಬಹುದು, ಸೊಪ್ಪು-ತೆಂಗಿನಕಾಯಿಗೆ ಕಾರಿನಲ್ಲಿ ಮಾರಿಸ್‌ವಿಲ್. ನನ್ನ ಹೆಂಡತಿಯ ಓಟು ಈಗಲೂ ಕ್ಯಾರಿಗೇ.